ವಿಕ್ಟೋರಿಯಾ ಮದುವೆಯ ಫಿರೋಜ ಹದ್ದು: ಅಸಲಿಯೇ ಎಂದು ನೋಡುವುದು ಹೇಗೆ, ಕಾಪಾಡುವುದು ಹೇಗೆ?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿರುವ ಕನ್ನಡತಿ. ಇಲ್ಲಿ ಹಳೆಯ ಒಡವೆಗಳ ವ್ಯಾಪಾರಿಯೊಬ್ಬರ ಬಳಿ ಮೈತುಂಬ ನೀಲಿ ಫಿರೋಜ ಹರಳು ಕೂರಿಸಿದ ಚಿನ್ನದ ಹಕ್ಕಿಯ ಬ್ರೋಚ್ ನೋಡಿದೆ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಯಲ್ಲಿ ಸಖಿಯರಿಗೆ ಕೊಟ್ಟ ಬ್ರೋಚುಗಳಲ್ಲಿ ಇದೂ ಒಂದು ಎನ್ನುತ್ತಾರೆ. ನಂಬಬಹುದೇ? ಐದಾರು ಹರಳು ಹಸಿರಾಗಿವೆ, ಹಿಂದಿನ ಕೊಕ್ಕೆ ಸಡಿಲವಾಗಿದೆ. ಕೊಂಡುಕೊಂಡರೆ ಮನೆಯ ಚಿನ್ನದ ಹಾಗೆ ಅಂಟುವಾಳದ ನೀರಿನಲ್ಲಿ ತೊಳೆದು, ಕೊಕ್ಕೆಗೆ ಬೆಸುಗೆ ಹಾಕಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ತೊಳೆಯಬೇಡಿ. ಬೆಂಕಿಯ ಬೆಸುಗೆ ಹಾಕಿಸಬೇಡಿ. ಅದು ರಾಣಿಯ ಮದುವೆಯದೇ ಆಗಿರಲಿ, ಅದೇ ಕಾಲದ ಸಾಮಾನ್ಯ ಬ್ರೋಚೇ ಆಗಿರಲಿ, ಈ ಎರಡು ಕೆಲಸ ಎರಡನ್ನೂ ಹಾಳು ಮಾಡುತ್ತವೆ. ಕಾರಣ ಮುಂದೆ ಬರುತ್ತದೆ.

ಈಗ ವ್ಯಾಪಾರಿಯ ಮಾತಿಗೆ ಬರೋಣ. ಅವರು ಹೇಳುವ ಬ್ರೋಚ್ ಕಟ್ಟುಕಥೆಯಲ್ಲ. ವಿಕ್ಟೋರಿಯಾ ಮತ್ತು ಸ್ಯಾಕ್ಸ್-ಕೋಬರ್ಗ್-ಗೋಥಾದ ರಾಜಕುಮಾರ ಆಲ್ಬರ್ಟರ ಮದುವೆ 1840ರ ಫೆಬ್ರುವರಿ 10, ಸೋಮವಾರ, ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಚಾಪೆಲ್ ರಾಯಲ್‌ನಲ್ಲಿ ನಡೆಯಿತು. ಪಟ್ಟದಲ್ಲಿದ್ದ ರಾಣಿಯೊಬ್ಬಳು ಇಂಗ್ಲೆಂಡಿನಲ್ಲಿ ಮದುವೆಯಾದದ್ದು 1554ರ ಒಂದನೇ ಮೇರಿಯ ನಂತರ ಅದೇ ಮೊದಲು. ರಾಣಿಯ ಬಿಳಿ ಸ್ಯಾಟಿನ್ ಉಡುಪಿನ ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನದು, ಲೇಸು ಡೆವನ್ ಪ್ರಾಂತ್ಯದ ಹಾನಿಟನ್ ಕಸುಬಿನದು. ಉಡುಪಿನ ಹಿಂದೆ ಸುಮಾರು 18 ಅಡಿ ಉದ್ದದ ಸೆರಗು. ಅದನ್ನು ಹಿಡಿದುಕೊಂಡು ನಡೆಯಲು ಶ್ರೀಮಂತ ಮನೆತನಗಳ ಹನ್ನೆರಡು ಮಂದಿ ಅವಿವಾಹಿತ ಯುವತಿಯರು. ಅಷ್ಟು ಜನರಿಗೆ ಆ ಸೆರಗು ಸಾಲದೆ, ಒಬ್ಬರ ಹಿಮ್ಮಡಿ ಇನ್ನೊಬ್ಬರು ತುಳಿಯುತ್ತ ಗುಂಪಾಗಿ ಸಾಗಬೇಕಾಯಿತು ಎಂದು ಅವರಲ್ಲೊಬ್ಬಳಾದ ಲೇಡಿ ವಿಲ್ಹೆಲ್ಮಿನಾ ಸ್ಟ್ಯಾನ್‌ಹೋಪ್ ಬರೆದಿಟ್ಟಿದ್ದಾಳೆ.

ಸೆರಗು ಹಿಡಿದ ಈ ಹನ್ನೆರಡು ಮಂದಿಗೂ ಫಿರೋಜದ ಪುಟ್ಟ ಹದ್ದಿನ ಬ್ರೋಚ್ ಕೊಟ್ಟ ವಿಷಯವನ್ನು ರಾಣಿ ತನ್ನ ದಿನಚರಿಯಲ್ಲೇ ಹೇಳಿದ್ದಾಳೆ. ವಿನ್ಯಾಸ ಆಲ್ಬರ್ಟನದು, ಮಾಡಿದವನು ಚಾರ್ಲ್ಸ್ ಡು ವೆ. ಹದ್ದಿನ ಮೈ ಮತ್ತು ರೆಕ್ಕೆಗಳ ಮೇಲೆ ನೀಲಿ ಫಿರೋಜ ಒತ್ತೊತ್ತಾಗಿ ಕೂತಿದೆ. ಕಣ್ಣಿಗೆ ಮಾಣಿಕ್ಯ, ಕೊಕ್ಕಿಗೆ ವಜ್ರ, ಚಿನ್ನದ ಉಗುರುಗಳ ಹಿಡಿತದಲ್ಲಿ ಮುತ್ತು. ಫಿರೋಜ ನಿಜವಾದ ಪ್ರೀತಿಗೆ, ಮಾಣಿಕ್ಯ ಒಲವಿನ ಉತ್ಕಟತೆಗೆ, ವಜ್ರ ಶಾಶ್ವತತೆಗೆ ಎಂದು ಆ ಕಾಲದವರು ಅರ್ಥ ಹಚ್ಚುತ್ತಿದ್ದರು. ಹದ್ದನ್ನು ಸಾಮಾನ್ಯವಾಗಿ ಆಲ್ಬರ್ಟನ ಕೋಬರ್ಗ್ ಮನೆತನದ ಗುರುತು ಎನ್ನುತ್ತಾರೆ. ಇವುಗಳಲ್ಲಿ ಒಂದು ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ನಿಮ್ಮ ಹೋಲಿಕೆಗೆ ಅದೇ ಅಳತೆಗೋಲು. ಮ್ಯೂಸಿಯಂನ ಜಾಲತಾಣದಲ್ಲಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿಕೊಂಡು, ಆಮೇಲೆ ಅಂಗಡಿಗೆ ಹೋಗಿ.

ಹೋದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅದು ಹದ್ದೋ, ಪಾರಿವಾಳವೋ? ಇಲ್ಲೇ ಹೆಚ್ಚಿನವರು ಎಡವುವುದು. 1840ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮೈಗೆಲ್ಲ ಫಿರೋಜ ಕೂರಿಸಿದ ಪಾರಿವಾಳದ ಬ್ರೋಚುಗಳು ಬಹಳ ಓಡುತ್ತಿದ್ದವು. ಅವಕ್ಕೂ ಮಾಣಿಕ್ಯದ ಕಣ್ಣು ಇರುತ್ತದೆ, ಮುತ್ತೂ ಇರಬಹುದು. ಆದರೆ ತಲೆ ದುಂಡಗೆ, ಕೊಕ್ಕು ಚಿಕ್ಕದಾಗಿ ನೇರವಾಗಿರುತ್ತದೆ. ಕೊಕ್ಕಿನಲ್ಲಿ ಒಂದು ಟೊಂಗೆಯೋ ಮರೆಯದಿರು ಎಂಬ ಸಂದೇಶದ ನೀಲಿ ಹೂವೋ ಇರುತ್ತದೆ, ಇಲ್ಲವೇ ಹೃದಯದ ಆಕಾರದ ಪುಟ್ಟ ಲಾಕೆಟ್ ನೇತಾಡುತ್ತದೆ. ಹದ್ದಿನ ಕೊಕ್ಕು ಕೆಳಕ್ಕೆ ಬಾಗಿ ಚೂಪಾಗಿರುತ್ತದೆ, ಕಾಲುಗಳು ಎದ್ದು ಕಾಣುತ್ತವೆ, ಉಗುರು ಮುತ್ತನ್ನು ಹಿಡಿದಿರುತ್ತದೆ. ನಿಮ್ಮ ಪತ್ರದಲ್ಲಿ ನೀವು ಹಕ್ಕಿ ಎಂದಷ್ಟೇ ಬರೆದಿದ್ದೀರಿ, ಉಗುರಿನ ಮಾತಿಲ್ಲ, ಮುತ್ತಿನ ಮಾತೂ ಇಲ್ಲ. ಅದು ಪಾರಿವಾಳವಾಗಿದ್ದರೆ ಒಳ್ಳೆಯ ಹಳೆಯ ಒಡವೆಯೇ, ಕೊಳ್ಳಲು ಅಡ್ಡಿಯಿಲ್ಲ. ಆದರೆ ರಾಣಿಯ ಮದುವೆಗೂ ಅದಕ್ಕೂ ಸಂಬಂಧವಿಲ್ಲ, ಬೆಲೆಯೂ ಆ ಮಟ್ಟದ್ದಲ್ಲ.

ಹದ್ದೇ ಎಂದು ಖಾತ್ರಿಯಾದರೆ ಬ್ರೋಚನ್ನು ಮಗುಚಿ ಹಿಂಬದಿ ನೋಡಿ. ಮುಂಭಾಗವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹಿಂಬದಿಯನ್ನು ಅಷ್ಟೇ ಶ್ರದ್ಧೆಯಿಂದ ನಕಲು ಮಾಡುವವರು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಪಕ್ಕದಿಂದ ಬೆಳಕು ಬೀಳಿಸಲು ಒಂದು ಚಿಕ್ಕ ಟಾರ್ಚು, ಮೆತ್ತನೆಯ ಬಟ್ಟೆ ಹಾಸಿದ ತಟ್ಟೆ ಇದ್ದರೆ ಸಾಕು. ಹತ್ತಿಯ ಕೈಗವಸು ಬೇಡ, ಅದರ ಎಳೆ ಹದ್ದಿನ ಉಗುರಿಗೂ ಹರಳನ್ನು ಹಿಡಿದಿರುವ ಚಿನ್ನದ ಪುಟ್ಟ ಗುಳ್ಳೆಗಳಿಗೂ ಸಿಕ್ಕಿಕೊಂಡು ಕೀಳುತ್ತದೆ. ನೈಟ್ರೈಲ್ ಕೈಗವಸು ಅಥವಾ ತೊಳೆದು ಚೆನ್ನಾಗಿ ಒರೆಸಿದ ಬರಿಗೈ ಒಳ್ಳೆಯದು. ಅಂಚು ಹಿಡಿದು ಎತ್ತಿ, ಮೈಯ ಹರಳುಗಳ ಮೇಲೆ ಬೆರಳು ಒತ್ತಬೇಡಿ.

ಪಿನ್ನು ನೋಡಿ. 1840ರ ಬ್ರೋಚಿನಲ್ಲಿ ಪಿನ್ನು ಒಂದು ಸಣ್ಣ ಕೊಳವೆಯ ಕೀಲಿನ ಮೇಲೆ ತಿರುಗುತ್ತದೆ, ಇನ್ನೊಂದು ಕಡೆ ಬಾಗಿಸಿದ ಸರಳ ಕೊಕ್ಕೆಯೊಳಗೆ ಸೇರುತ್ತದೆ. ಪಿನ್ನಿನ ತುದಿ ಅನೇಕ ವೇಳೆ ಬ್ರೋಚಿನ ಅಂಚನ್ನು ದಾಟಿ ಹೊರಗೆ ಚಾಚಿರುತ್ತದೆ, ಬಟ್ಟೆಯೊಳಗೆ ಮತ್ತೊಮ್ಮೆ ಚುಚ್ಚಿಕೊಂಡು ಜಾರದೆ ನಿಲ್ಲಲೆಂದು. ತಿರುಗಿಸಿದರೆ ಬೀಗದಂತೆ ಮುಚ್ಚುವ ಸುರಕ್ಷಾ ಕೊಕ್ಕೆ ಇದ್ದರೆ ಅದು 20ನೇ ಶತಮಾನದ ಭಾಗ. ಹಾಗೆಂದ ಮಾತ್ರಕ್ಕೆ ಬ್ರೋಚ್ ನಕಲಿ ಎಂದಾಗುವುದಿಲ್ಲ. ಎಷ್ಟೋ ಹಳೆಯ ಬ್ರೋಚಿಗೆ ಆಮೇಲೆ ಹೊಸ ಕೊಕ್ಕೆ ಹಾಕಿಸಿದ್ದಾರೆ. ಆಗ ನೋಡಬೇಕಾದದ್ದು ಹಳೆಯ ಕೊಕ್ಕೆ ಕಿತ್ತ ಜಾಗದ ಕಲೆ ಮತ್ತು ಬೆಸುಗೆಯ ಬಣ್ಣ. ಚಿನ್ನದ ಮೇಲೆ ಬೂದು ಬಣ್ಣದ ಉಬ್ಬು ಕಂಡರೆ ಅದು ಸೀಸ-ತವರದ ಬೆಸುಗೆ, ಕೈಚಳಕವಿಲ್ಲದವರ ದುರಸ್ತಿ. ಕೊಕ್ಕೆ ಹೊಸದು, ಸುತ್ತಲೂ ಯಾವ ದುರಸ್ತಿಯ ಗುರುತೂ ಇಲ್ಲ, ಚಿನ್ನ ಒಂದೇ ಸಮ ಹೊಳೆಯುತ್ತಿದೆ ಎಂದಾದರೆ ಬ್ರೋಚೇ ಹೊಸದು.

ಮೂಲೆಮುಡುಕು, ರೆಕ್ಕೆಯ ಸಂದುಗಳನ್ನು ಲೂಪಿನಲ್ಲಿ ನೋಡಿ. ಕೈಯಿಂದ ಕೊರೆದು, ಬಡಿದು, ತುಂಡು ತುಂಡಾಗಿ ಜೋಡಿಸಿದ ಕೆಲಸದಲ್ಲಿ ಅರದ ಗೀರು, ಕೆತ್ತುಳಿಯ ಚೂಪಾದ ಅಂಚು, ಎರಡು ರೆಕ್ಕೆಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಎರಕದ ಕೆಲಸದಲ್ಲಿ ಅಂಚುಗಳು ಕರಗಿದಂತೆ ಮೊಂಡಾಗಿ, ಒಳಮೂಲೆಗಳಲ್ಲಿ ಸೂಜಿಮೊನೆಯಂಥ ರಂಧ್ರಗಳು ಕಾಣುತ್ತವೆ. ರಬ್ಬರ್ ಅಚ್ಚಿನಿಂದ ಮೇಣದ ಮಾದರಿ ತೆಗೆದು ಒಡವೆ ಎರಕ ಹೊಯ್ಯುವುದು 20ನೇ ಶತಮಾನದ ರೂಢಿ.

ಮುದ್ರೆಯ ವಿಷಯದಲ್ಲಿ ಭಾರತದ ಹಾಲ್‌ಮಾರ್ಕ್ ನೋಡಿ ಅಭ್ಯಾಸವಾದ ನಮಗೆ ಗೊಂದಲವಾಗುವುದು ಸಹಜ. ಅಂದಿನ ಇಂಗ್ಲೆಂಡಿನಲ್ಲಿ ಹರಳು ಕೂರಿಸಿದ ಸಣ್ಣ ಒಡವೆಗಳಿಗೆ ಹಾಲ್‌ಮಾರ್ಕಿನಿಂದ ವಿನಾಯಿತಿ ಇತ್ತು. ಆದ್ದರಿಂದ ಮುದ್ರೆ ಇಲ್ಲದಿರುವುದು ದೋಷವಲ್ಲ. ಮುದ್ರೆ ಇದ್ದರೆ ಮಾತ್ರ ಎಚ್ಚರ ಬೇಕು. 1854ರವರೆಗೆ ಅಲ್ಲಿ ಕಾನೂನು ಒಪ್ಪಿದ ಚಿನ್ನದ ಮಟ್ಟ 22 ಮತ್ತು 18 ಕ್ಯಾರೆಟ್ ಮಾತ್ರ. 15, 12, 9 ಕ್ಯಾರೆಟ್ ಬಂದದ್ದು 1854ರಲ್ಲಿ, 15 ಮತ್ತು 12ರ ಬದಲು 14 ಕ್ಯಾರೆಟ್ ಬಂದದ್ದು 1932ರಲ್ಲಿ. ಬ್ರೋಚಿನ ಮೈಮೇಲೆ 9 ಅಥವಾ 15 ಎಂದಿದ್ದರೆ 1840ರ ಮಾತು ಅಲ್ಲಿಗೇ ಮುಗಿಯಿತು. ಆ ಮುದ್ರೆ ಪಿನ್ನಿನ ಮೇಲೆ ಮಾತ್ರ ಇದ್ದರೆ ಪಿನ್ನು ಬದಲಾಗಿದೆ ಎಂದಷ್ಟೇ ಅರ್ಥ. ಒರೆಗಲ್ಲಿಗೆ ಉಜ್ಜಿ ನೋಡಲು ಬಿಡಬೇಡಿ. ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರವಿರುವ ಕಡೆ ಗೀರಿಲ್ಲದೆ ಕೆಲವೇ ನಿಮಿಷದಲ್ಲಿ ಲೋಹದ ಪಾಲು ತಿಳಿಯುತ್ತದೆ. ಮೈಯನ್ನು, ಕೊಕ್ಕೆಯನ್ನು, ಬೆಸುಗೆಯನ್ನು ಬೇರೆ ಬೇರೆಯಾಗಿ ಓದಿಸಿ. ಬೆಸುಗೆಯಲ್ಲಿ ಕ್ಯಾಡ್ಮಿಯಂ ಸಿಕ್ಕರೆ ಆ ಜೋಡಣೆ 1840ರದಲ್ಲ.

ಹರಳುಗಳು ಇನ್ನೂ ನಿಖರವಾಗಿ ಕಾಲ ಹೇಳುತ್ತವೆ. ಮಾಣಿಕ್ಯದ ಕಣ್ಣು ಎಳ್ಳಿನಷ್ಟು ಚಿಕ್ಕದಾದರೂ ಸೂಕ್ಷ್ಮದರ್ಶಕದಲ್ಲಿ ಒಳಗಿನ ರಚನೆ ಕಾಣುತ್ತದೆ. ಒಳಗೆ ಬಾಗಿದ ಗೆರೆಗಳಿದ್ದರೆ, ಗುಳ್ಳೆಗಳಿದ್ದರೆ ಅದು ಬೆಂಕಿಯಲ್ಲಿ ಕರಗಿಸಿ ಬೆಳೆಸಿದ ಕೃತಕ ಮಾಣಿಕ್ಯ. ಫ್ರಾನ್ಸಿನ ವೆರ್ನೊಯ್ ಈ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಮುತ್ತಿನದೂ ಇದೇ ಕಥೆ. ನಮ್ಮ ಹಳೆಯ ಮನೆಗಳಲ್ಲಿ ಬಸ್ರಾ ಮುತ್ತು ಎನ್ನುತ್ತಾರಲ್ಲ, 1840ರಲ್ಲಿ ಇದ್ದದ್ದು ಅಂಥ ಸಹಜ ಮುತ್ತುಗಳೇ. ದುಂಡನೆಯ ಸಾಕಿದ ಮುತ್ತು ಮಾರುಕಟ್ಟೆಗೆ ಬಂದದ್ದು 20ನೇ ಶತಮಾನದಲ್ಲಿ. ಎಕ್ಸ್-ರೇ ತೆಗೆದರೆ ಸಾಕಿದ ಮುತ್ತಿನ ಒಳಗೆ ಚಿಪ್ಪಿನ ಮಣಿ ಎದ್ದು ಕಾಣುತ್ತದೆ. ಉಗುರಿನ ಮುತ್ತು ಬೀಳುವುದು ಬಹಳ ಸಾಮಾನ್ಯ. ಮುತ್ತಿಗೆ ಅರ್ಧದವರೆಗೆ ರಂಧ್ರ ಕೊರೆದು, ಚಿನ್ನದ ಕಡ್ಡಿಯ ಮೇಲೆ ಅಂಟಿನಿಂದ ನಿಲ್ಲಿಸಿರುತ್ತಾರೆ. ಅಂಟು ಒಣಗಿ ಪುಡಿಯಾದರೆ ಮುತ್ತು ಕಳಚಿ ಹೋಗುತ್ತದೆ. ಆದ್ದರಿಂದ ಒಂದು ಮುತ್ತು ಹೊಸದು ಎಂದ ಕೂಡಲೇ ಬ್ರೋಚನ್ನು ತಳ್ಳಿಹಾಕಬೇಡಿ. ಎರಡೂ ಮುತ್ತು, ಎರಡೂ ಕಣ್ಣು, ಎಲ್ಲ ಹರಳು ಹೊಸ ಕಾಲದವು ಎಂದಾದಾಗ ಮಾತ್ರ ಉಳಿದದ್ದು ಏನು ಎಂದು ಕೇಳಬೇಕಾಗುತ್ತದೆ. ಕೊಕ್ಕಿನ ವಜ್ರ ಹಳೆಯ ಕಟಾವಿನದಾಗಿರಬೇಕು. ಅಡಿ ಚಪ್ಪಟೆಯಾಗಿ ಮೇಲೆ ತ್ರಿಕೋನದ ಮುಖಗಳಿರುವ ರೋಸ್ ಕಟ್ ಆ ಕಾಲದ ಸಣ್ಣ ವಜ್ರಗಳಲ್ಲಿ ಸಾಮಾನ್ಯ. ಗಣಿತದಂತೆ ಕರಾರುವಾಕ್ಕಾದ ಇಂದಿನ ಬ್ರಿಲಿಯಂಟ್ ಕಟ್ ಕಂಡರೆ ಅದು ಆಮೇಲೆ ಹಾಕಿದ್ದು.

ಫಿರೋಜಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಬ್ರೋಚಿನ ಜೀವ ಇರುವುದು ಅದರಲ್ಲಿ, ನಿಮ್ಮ ಹಸಿರು ಹರಳುಗಳ ಉತ್ತರವೂ ಅಲ್ಲೇ ಇದೆ. ಫಿರೋಜ ಎಂದರೆ ತಾಮ್ರ ಮತ್ತು ಅಲ್ಯೂಮಿನಿಯಂನ ಫಾಸ್ಫೇಟ್, ಜೊತೆಗೆ ನೀರಿನ ಅಂಶ. ನೀಲಿ ಬರುವುದು ತಾಮ್ರದಿಂದ, ಕಬ್ಬಿಣ ಬೆರೆತರೆ ಹಸಿರಿಗೆ ತಿರುಗುತ್ತದೆ. ಇರಾನಿನ ನಿಶಾಪುರದ ಗಣಿಗಳ ಆಕಾಶನೀಲಿ ಹರಳೇ ಶ್ರೇಷ್ಠ ಎಂದು ಎಣಿಸುತ್ತ ಬಂದಿದ್ದಾರೆ. ಮೋಸ್ ಮಾಪನದಲ್ಲಿ ಇದರ ಗಡಸುತನ 5ರಿಂದ 6. ಮಾಣಿಕ್ಯದ್ದು 9. ಗಡಸುತನಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಫಿರೋಜದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅದು ಹೀರುತ್ತದೆ. ಎಣ್ಣೆ, ಬೆವರು, ಅತ್ತರು, ಮುಖಕ್ಕೆ ಹಚ್ಚಿದ ಕ್ರೀಮು, ಸೋಪಿನ ನೀರು ಎಲ್ಲವೂ ಒಳಗಿಳಿಯುತ್ತವೆ. ಒಳಗಿಳಿದ ಎಣ್ಣೆ ವರ್ಷಗಳು ಕಳೆದಂತೆ ಹರಳನ್ನು ಮಂಕಾಗಿಸಿ ಹಸಿರಾಗಿಸುತ್ತದೆ. ಬಿಸಿ ತಗುಲಿದರೂ, ಬಿಸಿಲಿನಲ್ಲಿ ಬಹುಕಾಲ ಇದ್ದರೂ ಒಳಗಿನ ತೇವ ಹೋಗಿ ಬಣ್ಣ ಕೆಡುತ್ತದೆ.

ಹೀಗಾಗಿ ಹಸಿರು ಎಲ್ಲಿ ಬಂದಿದೆ ಎಂಬುದನ್ನು ಗಮನಿಸಿ. ರೆಕ್ಕೆಯ ತುದಿ, ತಲೆ, ಬಾಲದ ಅಂಚು, ಅಂದರೆ ಚುಚ್ಚುವಾಗ ಬಿಚ್ಚುವಾಗ ಬೆರಳು ತಾಗುವ ಕಡೆ ಹಸಿರಿದ್ದರೆ ಅದು ತೊಟ್ಟು ಬಳಸಿದ ಗುರುತು. ಕೊಕ್ಕೆಗೋ ಕೀಲಿಗೋ ನೇರ ಮೇಲಿರುವ ನಾಲ್ಕೈದು ಹರಳು ಮಾತ್ರ ಬಿಳಿಚಿಕೊಂಡು, ಸಣ್ಣ ಬಿರುಕು ಬಿಟ್ಟಿದ್ದರೆ ಯಾರೋ ಹಿಂದಿನಿಂದ ಬೆಂಕಿ ಕೊಟ್ಟು ಬೆಸುಗೆ ಹಾಕಿದ್ದಾರೆ. ಒಂದೊಂದೇ ಹರಳು ಅಲ್ಲಲ್ಲಿ ಬೇರೆ ನೀಲಿಯಾಗಿ, ಸುತ್ತಲಿನ ಚಿನ್ನದ ಗುಳ್ಳೆಗಳು ಹೊಸದಾಗಿ ಎಬ್ಬಿಸಿದಂತೆ ಚೂಪಾಗಿದ್ದರೆ ಅದು ಬದಲಿ ಹರಳು. ಐದಾರು ಹಸಿರು ಹರಳು ಈ ವಯಸ್ಸಿನ ಒಡವೆಗೆ ಒಪ್ಪುವಂಥದ್ದೇ. ನೂರ ಎಂಬತ್ತು ವರ್ಷ ದಾಟಿದ ಬ್ರೋಚಿನ ಒಂದೊಂದು ಹರಳೂ ಒಂದೇ ಅಚ್ಚ ನೀಲಿಯಲ್ಲಿ ಫಳಫಳ ಎಂದಾಗಲೇ ಲೂಪು ಇನ್ನೂ ಹತ್ತಿರ ಹಿಡಿಯಬೇಕು.

ಫಿರೋಜದ ಹೆಸರಿನಲ್ಲಿ ಕೂರಿಸುವ ವಸ್ತುಗಳೂ ಹಲವು. ನೀಲಿ ಗಾಜಿನಲ್ಲಿ ಗಾಳಿಗುಳ್ಳೆ ಕಾಣುತ್ತದೆ, ಚಕ್ಕೆ ಎದ್ದ ಜಾಗ ಹೊಳೆಯುತ್ತದೆ. ಫಿರೋಜದ ಮುರಿದ ಜಾಗ ಮೇಣದಂತೆ ಮಂದವಾಗಿರುತ್ತದೆ. ಓಡಾಂಟೊಲೈಟ್ ಎಂಬುದು ಪಳೆಯುಳಿಕೆಯಾದ ದಂತವನ್ನು ಕಾಯಿಸಿ ನೀಲಿಯಾಗಿಸಿದ ವಸ್ತು. ಲೂಪಿನಲ್ಲಿ ದಂತದ ಗೆರೆಗಳು ಕಾಣುತ್ತವೆ. 19ನೇ ಶತಮಾನದ ಮೊದಲ ಭಾಗದ ಒಡವೆಗಳಲ್ಲಿ ಇದು ಸಿಗುತ್ತದೆ, ಹಾಗಾಗಿ ಇದು ಸಿಕ್ಕರೆ ಒಡವೆ ಹಳೆಯದೇ ಆಗಿರಬಹುದು. ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಖನಿಜ, ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದ ಫಿರೋಜ, ಪುಡಿ ಒತ್ತಿ ಮಾಡಿದ ಹರಳು ಸಿಕ್ಕರೆ ಮಾತ್ರ ಅವು ಹೊಸ ಕಾಲದವು. ಬಿಸಿ ಸೂಜಿ ತಾಗಿಸಿ ಅಥವಾ ಆಮ್ಲದ ಹನಿ ಹಾಕಿ ಪರೀಕ್ಷಿಸುತ್ತೇವೆ ಎನ್ನುವವರ ಕೈಗೆ ಬ್ರೋಚ್ ಕೊಡಬೇಡಿ. ರತ್ನ ಪರೀಕ್ಷಾಲಯದಲ್ಲಿ ರಾಮನ್ ಮತ್ತು ಇನ್‌ಫ್ರಾರೆಡ್ ವರ್ಣಪಟಲದ ಪರೀಕ್ಷೆಗಳಿವೆ, ಹರಳಿಗೆ ಏನೂ ಆಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಾಯಿಸಿದರೆ ಹೊಸ ಅಂಟು ಹಾಕಿದ ಜಾಗಗಳು ಬಹಳ ಸಲ ತಿಳಿನೀಲಿಯಾಗಿ ಹೊಳೆದು ತೋರುತ್ತವೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ತಿಳಿಸುವ ಪರೀಕ್ಷೆ ಇದು.

ಇಷ್ಟೆಲ್ಲ ಪಾಸಾದರೂ ಸಿದ್ಧವಾಗುವುದು ಒಂದೇ: ಬ್ರೋಚ್ 1840ರ ಸುಮಾರಿನದು. ಇದು ಆ ಹನ್ನೆರಡರಲ್ಲಿ ಒಂದು ಎಂದು ಹೇಳಲು ಕೈಯಿಂದ ಕೈಗೆ ಬಂದ ದಾರಿ ಬೇಕು. ನನ್ನ ಮಟ್ಟಿಗೆ ಇದೇ ನಿರ್ಣಾಯಕ, ಉಳಿದದ್ದೆಲ್ಲ ಇದಕ್ಕೆ ಪೂರ್ವತಯಾರಿ. ಹನ್ನೆರಡು ಹೆಸರುಗಳು ಗೊತ್ತಿರುವುದೇ ನಿಮ್ಮ ಭಾಗ್ಯ: ಅಡಿಲೇಡ್ ಪೇಜೆಟ್, ಎಲಿಯನೋರಾ ಪೇಜೆಟ್, ಸಾರಾ ವಿಲಿಯರ್ಸ್, ಫ್ರಾನ್ಸಿಸ್ ಕೌಪರ್, ಎಲಿಜಬೆತ್ ವೆಸ್ಟ್, ಮೇರಿ ಗ್ರಿಮ್‌ಸ್ಟನ್, ಕ್ಯಾರೊಲಿನ್ ಗಾರ್ಡನ್-ಲೆನಕ್ಸ್, ಎಲಿಜಬೆತ್ ಹೋವರ್ಡ್, ಮೇರಿ ಹೋವರ್ಡ್, ಐಡಾ ಹೇ, ವಿಲ್ಹೆಲ್ಮಿನಾ ಸ್ಟ್ಯಾನ್‌ಹೋಪ್, ಜೇನ್ ಬೂವರಿ. ಎಲ್ಲರ ಹೆಸರಿನ ಹಿಂದೆಯೂ ಲೇಡಿ ಎಂಬ ಬಿರುದು. ವ್ಯಾಪಾರಿಯನ್ನು ಕೇಳಿ: ಇವರಲ್ಲಿ ಯಾರದ್ದು? ಉತ್ತರ ಬರದಿದ್ದರೆ, ಅಥವಾ ಈ ಪಟ್ಟಿಯಲ್ಲಿಲ್ಲದ ಹೆಸರು ಬಂದರೆ, ಮಾತು ಮುಂದುವರಿಸುವ ಅಗತ್ಯವಿಲ್ಲ. ಪೇಜೆಟ್ ಎಂದೋ ಹೋವರ್ಡ್ ಎಂದೋ ಬರೇ ಮನೆತನದ ಹೆಸರು ಹೇಳಿದರೆ ಸಾಲದು, ಪಟ್ಟಿಯಲ್ಲಿ ಇಬ್ಬಿಬ್ಬರಿದ್ದಾರೆ.

ಹೆಸರು ಸಿಕ್ಕ ಮೇಲೆ ಒಂದು ತೊಡಕಿದೆ. ಇವರೆಲ್ಲ ಮದುವೆಯಾಗುತ್ತಲೇ ಹೆಸರು ಬದಲಾಗುತ್ತದೆ, ಗಂಡನಿಗೆ ಬಿರುದು ಬಂದಾಗ ಮತ್ತೆ ಬದಲಾಗುತ್ತದೆ. ಫ್ರಾನ್ಸಿಸ್ ಕೌಪರ್ 1841ರಲ್ಲಿ ವೈಕೌಂಟೆಸ್ ಜೋಸಲಿನ್ ಆದಳು. ಸಾರಾ ವಿಲಿಯರ್ಸ್ 1842ರಲ್ಲಿ ಎಸ್ಟರ್‌ಹಾಜಿ ಮನೆತನದ ರಾಜಕುಮಾರನನ್ನು ಮದುವೆಯಾದಳು. ವಿಲ್ಹೆಲ್ಮಿನಾ 1843ರಲ್ಲಿ ಲೇಡಿ ಡಾಲ್ಮೆನಿ. ಆ ಗಂಡ ತೀರಿಕೊಂಡ ಮೇಲೆ 1854ರಲ್ಲಿ ಎರಡನೇ ಮದುವೆ, ಕೊನೆಗೆ ಡಚೆಸ್ ಆಫ್ ಕ್ಲೀವ್‌ಲ್ಯಾಂಡ್. ಬ್ರಿಟನ್ನಿನ ಪ್ರಧಾನಿಯಾದ ಲಾರ್ಡ್ ರೋಸ್‌ಬೆರಿ ಈಕೆಯ ಮಗ. ಹಾಗಾಗಿ ಹಳೆಯ ಚೀಟಿಯಲ್ಲಿ ಕ್ಲೀವ್‌ಲ್ಯಾಂಡ್ ಎಂದಿದ್ದರೆ ಅದು ಸ್ಟ್ಯಾನ್‌ಹೋಪಳ ಬ್ರೋಚೇ ಆಗಿರಬಹುದು. ಹುಟ್ಟಿದ ಮನೆಯ ಹೆಸರು, ಸೇರಿದ ಮನೆಗಳ ಹೆಸರು, ಸತ್ತ ವರ್ಷ, ಒಡವೆ ಪಡೆದ ಮಗಳು ಅಥವಾ ಸೊಸೆ, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ವ್ಯಾಪಾರಿ ಕೊಟ್ಟ ಕಾಗದಗಳ ಜೊತೆ ತಾಳೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಉಯಿಲುಗಳು 1858ರಿಂದ ಒಂದೇ ಕಡೆ ದಾಖಲಾಗಿವೆ, ಶುಲ್ಕ ಕಟ್ಟಿದರೆ ನಕಲು ಸಿಗುತ್ತದೆ. ಒಡವೆಗಳನ್ನು ಹೆಸರಿಸಿ ಹಂಚಿದ ಉಯಿಲುಗಳಲ್ಲಿ ರಾಣಿ ಕೊಟ್ಟ ಬ್ರೋಚಿನಂಥ ವಸ್ತು ಬಿಟ್ಟುಹೋಗುವುದು ಅಪರೂಪ.

ಜೊತೆಯಲ್ಲಿ ಹಳೆಯ ಪೆಟ್ಟಿಗೆ ಇದ್ದರೆ ಅದನ್ನೂ ಬ್ರೋಚಿನಷ್ಟೇ ಗಮನದಿಂದ ನೋಡಿ. ಬ್ರೋಚಿಗೆಂದೇ ಮಾಡಿದ ಪೆಟ್ಟಿಗೆಯ ಹಾಸಿನಲ್ಲಿ ಹದ್ದಿನ ಆಕಾರದ್ದೇ ಗುಂಡಿ ಇರುತ್ತದೆ, ಪಿನ್ನು ಇಳಿಯುವ ಸೀಳೂ ಸರಿಯಾದ ಜಾಗದಲ್ಲಿರುತ್ತದೆ. ಬ್ರೋಚ್ ಇಟ್ಟಾಗ ಅಲುಗಾಡಿದರೆ, ಸೀಳಿಗೂ ಪಿನ್ನಿಗೂ ಹೊಂದದಿದ್ದರೆ ಪೆಟ್ಟಿಗೆ ಬೇರೆ ಒಡವೆಯದು. ಮುಚ್ಚಳದ ಒಳಗಿನ ಸ್ಯಾಟಿನ್ ಮೇಲೆ ಅಂಗಡಿಯ ಹೆಸರು, ವಿಳಾಸ ಅಚ್ಚಾಗಿದ್ದರೆ ಆ ಅಂಗಡಿ 1840ರಲ್ಲಿ ಅದೇ ಬೀದಿಯಲ್ಲಿತ್ತೇ ಎಂದು ಆ ವರ್ಷದ ಲಂಡನ್ ವ್ಯಾಪಾರಿಗಳ ಡೈರೆಕ್ಟರಿಯಲ್ಲಿ ನೋಡಬಹುದು. ಹಳೆಯ ಪೆಟ್ಟಿಗೆಗೆ ಹೊಸ ಒಡವೆ ಸೇರಿಸಿ ಮಾರುವುದು ಹಳೆಯ ಚಾಳಿ.

ಇನ್ನು ಅಂಟುವಾಳ. ಹರಳಿಲ್ಲದ ಚಿನ್ನದ ಬಳೆಗೆ, ಸರಕ್ಕೆ ಅಂಟುವಾಳದ ನೊರೆ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ನೀರು ಮತ್ತು ನೊರೆ ಸೇರಿದ ದ್ರಾವಣ. ಫಿರೋಜ ಅದನ್ನು ಹೀರಿ ಕಂದುತ್ತದೆ. ಮುತ್ತಿನ ಕಡ್ಡಿಯ ಅಂಟು ನೆನೆದು ಸಡಿಲವಾಗುತ್ತದೆ. ಹರಳು ಕೂರಿಸಿದ ಚೌಕಟ್ಟಿನ ಹಿಂಬದಿ ಮುಚ್ಚಿದ್ದರೆ ಒಳಗೆ ಸೇರಿದ ನೀರು ಹೊರಬರಲು ದಾರಿಯೇ ಇರುವುದಿಲ್ಲ. ನಮ್ಮ ಕುಂದಣದ ಒಡವೆಯನ್ನು ನೀರಿಗೆ ಹಾಕಬಾರದು ಎಂದು ಪತ್ತಾರರು ಹೇಳುವುದೂ ಇದೇ ಕಾರಣಕ್ಕೆ. ಹುಣಸೆಹಣ್ಣು, ನಿಂಬೆ ಇನ್ನೂ ಕೆಟ್ಟವು. ಮುತ್ತಿನ ಪದರ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗುತ್ತದೆ, ಒಮ್ಮೆ ಹೋದ ಹೊಳಪು ಮರಳದು. ಟೂತ್‌ಪೇಸ್ಟ್, ಅಡುಗೆ ಸೋಡಾ ಗೀರು ಹಾಕುತ್ತವೆ. ಅಲ್ಟ್ರಾಸಾನಿಕ್ ತೊಟ್ಟಿ ಹರಳನ್ನೇ ಉದುರಿಸುತ್ತದೆ, ಹಬೆ ಬಿರುಕು ತರುತ್ತದೆ. ಸ್ಪಿರಿಟ್, ಅಮೋನಿಯಾ, ಬೆಳ್ಳಿ ತೊಳೆಯುವ ದ್ರವ ಯಾವುದೂ ಬೇಡ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಚಿತ್ರ ಬರೆಯುವ ಮೆತ್ತನೆಯ ಒಣ ಕುಂಚದಿಂದ, ಹೊಸದಾದರೆ ಒಳ್ಳೆಯದು, ಧೂಳನ್ನು ರೆಕ್ಕೆಯ ಸಾಲಿನ ದಿಕ್ಕಿನಲ್ಲೇ ನಿಧಾನವಾಗಿ ಸರಿಸಿ. ಸಂದಿನ ಧೂಳಿಗೆ ಕ್ಯಾಮೆರಾ ಲೆನ್ಸ್ ಊದುವ ರಬ್ಬರ್ ಉಂಡೆ ಬಳಸಿ, ಬಾಯಿಂದ ಊದಬೇಡಿ, ಉಸಿರಿನಲ್ಲಿ ತೇವವಿರುತ್ತದೆ. ಹಿಂಬದಿಯ ಬರೀ ಚಿನ್ನದ ಭಾಗವನ್ನು ಮಾತ್ರ, ಶುದ್ಧ ನೀರಿಗೆ ತಾಗಿಸಿ ಟಿಶ್ಯೂ ಮೇಲೆ ಒತ್ತಿ ಬಹುಪಾಲು ಒಣಗಿಸಿದ ಹತ್ತಿಯ ಕಡ್ಡಿಯಿಂದ ಒಮ್ಮೆ ಉರುಳಿಸಿ, ಕೂಡಲೇ ಒಣ ಕಡ್ಡಿಯಿಂದ ಒರೆಸಿ. ಹಸಿರಾದ ಹರಳನ್ನು ನೀಲಿ ಮಾಡಲು ಹೋಗಬೇಡಿ. ಎಣ್ಣೆ ಹೊರತೆಗೆಯುತ್ತೇವೆ ಎಂದು ದ್ರಾವಕ ಹಚ್ಚುವವರಿದ್ದಾರೆ. ಅದರಿಂದ ಹರಳು ಬಿಳಿಚಿಕೊಂಡು, ಪಕ್ಕದ ಒಳ್ಳೆಯ ಹರಳಿಗೂ ಕಲೆ ಹರಡುತ್ತದೆ. ಆ ಹರಳು ಕಿತ್ತು ಹೊಸದು ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ. ಚಿನ್ನದ ಗುಳ್ಳೆಗಳನ್ನು ಎಬ್ಬಿಸಿ ಮತ್ತೆ ಮಡಿಸುವಾಗ ಅವು ಮುರಿಯುತ್ತವೆ, ಮೂಲ ಕೆಲಸಗಾರನ ಕೈಗುರುತೂ ಅವುಗಳೊಂದಿಗೆ ಹೋಗುತ್ತದೆ.

ಕೊಕ್ಕೆಯ ವಿಷಯ. ಚಿನ್ನದ ಬೆಸುಗೆ ಕರಗಲು ಸಾಮಾನ್ಯವಾಗಿ 700 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಬಿಸಿ ಬೇಕು. ಫಿರೋಜ ಕೆಡಲು ಅದರ ಅರ್ಧವೂ ಬೇಡ, ಮುತ್ತಿಗೆ ಇನ್ನೂ ಕಡಿಮೆ ಸಾಕು. ಒದ್ದೆ ಮಣ್ಣು ಮೆತ್ತಿ, ಹರಳು ಮುಚ್ಚಿ ಬೆಸೆಯುತ್ತೇನೆ ಎಂದು ನುರಿತ ಅಕ್ಕಸಾಲಿಯೇ ಹೇಳಿದರೂ ಬೇಡ, ಚಿನ್ನದ ಮೂಲಕ ಬಿಸಿ ಕ್ಷಣದಲ್ಲಿ ಮುಂಭಾಗಕ್ಕೆ ಹರಿಯುತ್ತದೆ. ಸಡಿಲವಾಗಿರುವುದು ಕೊಕ್ಕೆಯ ಬಾಗು ಮಾತ್ರವಾದರೆ, ಹಳೆಯ ಒಡವೆ ಸಂರಕ್ಷಿಸುವವರು ಮರದ ಅಥವಾ ನೈಲಾನ್ ತುದಿಯ ಇಕ್ಕುಳದಿಂದ ಕೂದಲೆಳೆಯಷ್ಟು ಒತ್ತಿ ಸರಿಮಾಡುತ್ತಾರೆ. ಕೀಲಿನ ಕಡ್ಡಿ ಸವೆದಿದ್ದರೆ ಕಡ್ಡಿ ಬದಲಿಸುತ್ತಾರೆ. ಬುಡವೇ ಬಿರುಕು ಬಿಟ್ಟಿದ್ದರೆ ಲೇಸರ್ ಬೆಸುಗೆ ಒಂದೇ ದಾರಿ, ಅದರ ಬಿಸಿ ಮಿಲಿಮೀಟರಿನೊಳಗಿನ ಚುಕ್ಕೆಯಲ್ಲೇ ನಿಲ್ಲುತ್ತದೆ. ಮೂಲ ಕೊಕ್ಕೆ ತೆಗೆಯಲೇಬೇಕಾಗಿ ಬಂದರೆ ಅದನ್ನು ಪೊಟ್ಟಣದಲ್ಲಿ ಹಾಕಿ, ತಾರೀಖು ಬರೆದು ಬ್ರೋಚಿನ ಜೊತೆಗೇ ಇಟ್ಟುಕೊಳ್ಳಿ. ಯಾರಿಂದ, ಯಾವಾಗ, ಏನು ಕೆಲಸ ಮಾಡಿಸಿದಿರಿ ಎಂಬ ಚೀಟಿಯೂ ಇರಲಿ.

ಇಡುವಾಗ ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಹಲಗೆ ಕಾಗದದ ಪೆಟ್ಟಿಗೆಯಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಬೇಡಿ, ಅತಿಯಾಗಿ ಒಣಗಿದರೆ ಮುತ್ತೂ ಫಿರೋಜವೂ ಬಿರಿಯುತ್ತವೆ. ಓಕ್ ಮರದ ಪೆಟ್ಟಿಗೆಯ ಆಮ್ಲದ ಆವಿ ಮುತ್ತಿಗೆ ವಿಷ. ರಬ್ಬರ್ ಬ್ಯಾಂಡಿನ ಗಂಧಕ, ಕೊಕ್ಕಿನ ವಜ್ರಕ್ಕೆ ಬೆಳ್ಳಿಯ ಚೌಕಟ್ಟಿದ್ದರೆ ಅದನ್ನು ಕಪ್ಪಾಗಿಸುತ್ತದೆ. ಹಳೆಯ ಮೂಲ ಪೆಟ್ಟಿಗೆಯನ್ನು ಬಿಸಾಡದೆ ಪಕ್ಕದಲ್ಲಿ ಬೇರೆಯಾಗಿ ಇಡಿ. ತೊಡಬೇಕೆನಿಸಿದರೆ ಅತ್ತರು, ಪೌಡರ್ ಎಲ್ಲ ಮುಗಿದ ಮೇಲೆ, ದಪ್ಪ ನೇಯ್ಗೆಯ ಬಟ್ಟೆಗೆ ಚುಚ್ಚಿ. ರೇಷ್ಮೆ ಸೀರೆಯ ಸೆರಗಿಗೆ ಮಾತ್ರ ಬೇಡ, ಬ್ರೋಚಿನ ಭಾರಕ್ಕೆ ನೇಯ್ಗೆ ಹರಿಯುತ್ತದೆ, ಉಗುರು ಜರಿಗೆ ಸಿಕ್ಕಿಕೊಳ್ಳುತ್ತದೆ.

ದುಡ್ಡು ಕೊಡುವ ಮುನ್ನ ಕೊನೆಯ ಕೆಲಸ. ಮುಂದೆ, ಹಿಂದೆ, ಎರಡೂ ಪಕ್ಕ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಗ್ರಾಮಿನ ನೂರನೇ ಭಾಗದವರೆಗೆ ತೂಗಿಸಿ. ಇದೇ ಫೋಟೊ ವಿಮೆಗೂ ಆಗುತ್ತದೆ. 50 ವರ್ಷಕ್ಕಿಂತ ಹಳೆಯ ವಸ್ತುಗಳನ್ನು ಬ್ರಿಟನ್ನಿನಿಂದ ಹೊರಗೆ ಒಯ್ಯಲು, ಬೆಲೆ ಒಂದು ಮಿತಿ ದಾಟಿದರೆ, ರಫ್ತು ಪರವಾನಗಿ ಬೇಕಾಗುತ್ತದೆ. ಊರಿಗೆ ತರುವ ಯೋಚನೆಯಿದ್ದರೆ ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಇದು 1840ರ ಫೆಬ್ರುವರಿ 10ರ ಮದುವೆಯ ಸಖಿ ಇಂಥವಳಿಗೆ ಕೊಟ್ಟ ಬ್ರೋಚ್, ತಪ್ಪೆಂದು ಸಾಬೀತಾದರೆ ಹಣ ವಾಪಸು ಎಂದು ವ್ಯಾಪಾರಿ ಬಿಲ್ಲಿನಲ್ಲಿ ಬರೆದುಕೊಡಲಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಅವರು ಹಿಂಜರಿದರೆ, ಆ ಕಾಲದ ಫಿರೋಜ ಬ್ರೋಚಿಗೆ ನಡೆಯುವ ಬೆಲೆಯನ್ನಷ್ಟೇ ಕೊಡಿ.